ಫಲಕ ನಂಬಿ ತಿನ್ನಬೇಡಿ: ಒಳ್ಳೆಯ ಫಿಶ್ ಆ್ಯಂಡ್ ಚಿಪ್ಸ್ ಹುಡುಕುವ ಬಗೆ

ಬ್ರಿಟನ್ನಿನ ಯಾವುದೇ ಊರಿನ ಪೇಟೆಬೀದಿಯಲ್ಲಿ ಹತ್ತು ನಿಮಿಷ ನಡೆದರೆ ‘ಸಾಂಪ್ರದಾಯಿಕ ಫಿಶ್ ಆ್ಯಂಡ್ ಚಿಪ್ಸ್’ ಎಂಬ ಫಲಕ ಒಂದೆಡೆಯಾದರೂ ಕಣ್ಣಿಗೆ ಬೀಳದಿರದು. ಮೂಲೆಯ ಪುಟ್ಟ ಅಂಗಡಿ, ಪಬ್ಬು, ದೊಡ್ಡ ಹೋಟೆಲಿನ ಭೋಜನಗೃಹ, ಕಡಲತಡಿಯ ಗಾಡಿ, ಹೀಗೆ ಎಲ್ಲರೂ ಆ ವಿಶೇಷಣವನ್ನು ಧಾರಾಳವಾಗಿ ಹಚ್ಚಿಕೊಳ್ಳುತ್ತಾರೆ. ಫಲಕ ನಂಬಿ ಒಳಹೊಕ್ಕವರಿಗೆ ಸಿಗುವುದು ಮಾತ್ರ ಒಂದೇ ಬಗೆಯದಲ್ಲ. ಒಂದೆಡೆ ಮುಟ್ಟಿದರೆ ಮುರಿಯುವ ಗರಿಗರಿ ಕವಚದೊಳಗೆ ಹಬೆಯಾಡುವ ಬೆಳ್ಳನೆಯ ಮೀನು. ಇನ್ನೊಂದೆಡೆ ಎಣ್ಣೆ ಕುಡಿದು ತೊಪ್ಪೆಯಾದ ಹಿಟ್ಟಿನ ಮುದ್ದೆ. ಬೆಲೆ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಆ ಬೆಲೆಯೂ ಈಗ ಹಗುರವಾದದ್ದಲ್ಲ. 2019ರ ಜುಲೈನಲ್ಲಿ ಸರಾಸರಿ ಆರೂವರೆ ಪೌಂಡ್ ಆಸುಪಾಸಿನಲ್ಲಿದ್ದ ಒಂದು ಪಾರ್ಸೆಲ್ ಫಿಶ್ ಆ್ಯಂಡ್ ಚಿಪ್ಸ್‌ನ ದರ 2024ರ ಜುಲೈ ಹೊತ್ತಿಗೆ ಹತ್ತು ಪೌಂಡ್‌ಗಳ ಸಮೀಪಕ್ಕೆ ಬಂದು ನಿಂತಿತು. ರೂಪಾಯಿ ಲೆಕ್ಕದಲ್ಲಿ ಸಾವಿರ ಮೀರಿತು. ವ್ಯಾಸಂಗಕ್ಕೆಂದು ಹೋದ ಕನ್ನಡಿಗ ವಿದ್ಯಾರ್ಥಿಗೆ, ಮಗನ ಮನೆಗೆಂದು ಹೋದ ಹಿರಿಯರಿಗೆ, ಎರಡು ವಾರದ ಪ್ರವಾಸಕ್ಕೆ ಹೊರಟ ಕುಟುಂಬಕ್ಕೆ ‘ಇಂಗ್ಲೆಂಡಿಗೆ ಹೋಗಿ ಅದನ್ನು ತಿನ್ನದೆ ಬರುವುದೇ’ ಎಂಬ ಕುತೂಹಲ ಸಹಜ. ಹಾಗೆ ತಿಂದ ಮೊದಲ ತಟ್ಟೆಯೇ ಕೆಟ್ಟದ್ದಾದರೆ ‘ಇಷ್ಟಕ್ಕೇ ಇಷ್ಟು ಹೆಸರೇ’ ಎಂದು ಮುಖ ಸಿಂಡರಿಸಿ ಬರುವವರೇ ಹೆಚ್ಚು. ರುಚಿಗಿಂತ ಗಂಭೀರವಾದ ಇನ್ನೊಂದು ಸಂಗತಿಯೂ ಇದರಲ್ಲಿದೆ. ಮೀನು ಮುಟ್ಟದ ಸಸ್ಯಾಹಾರಿ ‘ನನಗೆ ಬರೀ ಚಿಪ್ಸ್ ಸಾಕು’ ಎಂದು ಹೇಳಿ ತಿಂದ ಆಲೂಗಡ್ಡೆ ಕರಿದದ್ದು ದನದ ಕೊಬ್ಬಿನಲ್ಲಿ ಎಂಬುದು ಎಷ್ಟೋ ಸಲ ತಿಂದಾದ ಮೇಲೆ ಗೊತ್ತಾಗುತ್ತದೆ.

ಮೊದಲಿಗೆ ಒಂದು ಶಬ್ದದ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳಿತು. ನಮ್ಮಲ್ಲಿ ಚಿಪ್ಸ್ ಎಂದರೆ ಬೇಕರಿಯ ಗಾಜಿನ ಭರಣಿಯಲ್ಲಿರುವ ತೆಳು ಬಿಲ್ಲೆ. ಬ್ರಿಟಿಷರು ಅದನ್ನು ಕ್ರಿಸ್ಪ್ಸ್ ಎನ್ನುತ್ತಾರೆ. ಅವರ ಚಿಪ್ಸ್ ಎಂದರೆ ನಮ್ಮ ಫಿಂಗರ್ ಚಿಪ್ಸ್. ಆದರೆ ಬರ್ಗರ್ ಅಂಗಡಿಯ ಕಡ್ಡಿಯಂಥದ್ದಲ್ಲ, ಹೆಬ್ಬೆರಳಿನ ದಪ್ಪದ್ದು. ಹೊರಗೆ ತುಸು ಗರಿ, ಒಳಗೆ ಬೇಯಿಸಿದ ಆಲೂಗಡ್ಡೆಯಂತೆ ಹಿಟ್ಟುಹಿಟ್ಟು. ಬರ್ಗರ್ ಅಂಗಡಿಯ ಗರಿಗರಿಯನ್ನು ನಿರೀಕ್ಷಿಸಿ ಹೋದವರು ಒಳ್ಳೆಯ ಚಿಪ್ಸನ್ನೂ ಕೆಟ್ಟದ್ದೆಂದು ತೀರ್ಮಾನಿಸಿಬಿಡುವ ಅಪಾಯವುಂಟು.

ವಲಸಿಗರು ತಂದ ರಾಷ್ಟ್ರೀಯ ಖಾದ್ಯ

ಬ್ರಿಟಿಷರ ರಾಷ್ಟ್ರೀಯ ಖಾದ್ಯವೆಂದು ಕರೆಸಿಕೊಳ್ಳುವ ಇದರ ಎರಡು ಭಾಗಗಳೂ ಹೊರಗಿನಿಂದ ಬಂದವು. ಮೀನನ್ನು ಹಿಟ್ಟು ಹಚ್ಚಿ ಎಣ್ಣೆಯಲ್ಲಿ ಕರಿಯುವ ಪದ್ಧತಿಯನ್ನು ತಂದವರು ಸ್ಪೇನ್, ಪೋರ್ಚುಗಲ್‌ಗಳಲ್ಲಿ ಧಾರ್ಮಿಕ ಕಿರುಕುಳ ತಾಳಲಾರದೆ ವಲಸೆ ಬಂದ ಯಹೂದಿಗಳು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಸಬ್ಬತ್ ದಿನವಾದ ಶನಿವಾರ ಒಲೆ ಹಚ್ಚುವಂತಿಲ್ಲವಾದ್ದರಿಂದ ಶುಕ್ರವಾರವೇ ಮೀನು ಕರಿದಿಟ್ಟು ಮರುದಿನ ತಣ್ಣಗೆ ತಿನ್ನುವುದು ಅವರ ರೂಢಿಯಾಗಿತ್ತು. ಚಾರ್ಲ್ಸ್ ಡಿಕನ್ಸ್ 1830ರ ದಶಕದ ಕೊನೆಯಲ್ಲಿ ಬರೆದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಲಂಡನ್ನಿನ ಕರಿದ ಮೀನಿನ ಮಳಿಗೆಯೊಂದರ ಪ್ರಸ್ತಾಪವಿದೆ. ಆಲೂಗಡ್ಡೆ ದಕ್ಷಿಣ ಅಮೆರಿಕದ ಬೆಳೆ ಎಂಬುದು ಶಾಲಾ ಮಕ್ಕಳಿಗೂ ಗೊತ್ತು.

ಇವೆರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟವರು ಯಾರು ಎಂಬುದರಲ್ಲಿ ಇಂದಿಗೂ ಜಗಳವಿದೆ. 1860ರ ಸುಮಾರಿಗೆ ಪೂರ್ವ ಲಂಡನ್ನಿನಲ್ಲಿ ಅಂಗಡಿ ತೆರೆದ ಜೋಸೆಫ್ ಮ್ಯಾಲಿನ್ ಎಂದು ದಕ್ಷಿಣದವರು ಹೇಳಿದರೆ, 1863ರ ಸುಮಾರಿಗೆ ಲ್ಯಾಂಕಶೈರ್‌ನ ಮಾಸ್ಲಿ ಸಂತೆಯಲ್ಲಿ ಮಾರಿದ ಜಾನ್ ಲೀಸ್ ಎಂದು ಉತ್ತರದವರು ಪಟ್ಟು ಹಿಡಿಯುತ್ತಾರೆ. ಹಬೆಯಂತ್ರದ ಟ್ರಾಲರ್‌ಗಳು ರಾಶಿ ರಾಶಿ ಮೀನು ಹಿಡಿದು ತಂದದ್ದು, ರೈಲು ಅದನ್ನು ಒಂದೇ ರಾತ್ರಿಯಲ್ಲಿ ಒಳನಾಡಿಗೆ ಮುಟ್ಟಿಸಿದ್ದು, ಗಂಡ ಹೆಂಡತಿ ಇಬ್ಬರೂ ಗಿರಣಿಯಲ್ಲಿ ದುಡಿದು ಸಂಜೆ ಮನೆಗೆ ಬರುವ ಹೊತ್ತಿಗೆ ಅಗ್ಗದ ಬಿಸಿಯೂಟ ಬೇಕಾದದ್ದು, ಈ ಮೂರೂ ಕೂಡಿ ಅದು ಕಾರ್ಮಿಕರ ಊಟವಾಯಿತು. 1920ರ ದಶಕದ ಕೊನೆಗೆ ದೇಶದಲ್ಲಿ ಸುಮಾರು 35 ಸಾವಿರ ಅಂಗಡಿಗಳಿದ್ದವು. ಈಗ ಉಳಿದಿರುವುದು ಸುಮಾರು ಹತ್ತು ಸಾವಿರ. ಎರಡು ಮಹಾಯುದ್ಧಗಳ ಕಾಲದಲ್ಲೂ ಸರ್ಕಾರ ಈ ಊಟಕ್ಕೆ ಪಡಿತರದ ಕಟ್ಟು ಹಾಕಲಿಲ್ಲ. ಕಾರ್ಮಿಕರು ದಂಗೆಯೇಳದಂತೆ ತಡೆದ ಅಗ್ಗದ ಸುಖಗಳ ಪಟ್ಟಿಯಲ್ಲಿ ಜಾರ್ಜ್ ಆರ್ವೆಲ್ 1937ರ ತಮ್ಮ ಪುಸ್ತಕದಲ್ಲಿ ಇದನ್ನೂ ಸೇರಿಸಿದ್ದರು.

ಸ್ಕಾಟ್‌ಲೆಂಡಿನಲ್ಲಿ ಈ ವ್ಯಾಪಾರವನ್ನು ಕಟ್ಟಿ ಬೆಳೆಸಿದವರಲ್ಲಿ ಇಟಲಿಯಿಂದ ಬಂದ ಕುಟುಂಬಗಳು ಪ್ರಮುಖ. ಇಂಗ್ಲೆಂಡಿನಲ್ಲಿ ಸೈಪ್ರಸ್‌ನವರು, ಚೀನೀಯರು, ತುರ್ಕಿಯವರು, ನಮ್ಮ ಉಪಖಂಡದವರು ಇದನ್ನು ಮುಂದುವರಿಸಿದ್ದಾರೆ. ಆದ್ದರಿಂದ ಗಲ್ಲಾದ ಹಿಂದೆ ನಿಂತವರ ಮುಖ ನೋಡಿ ‘ಇದು ಅಸಲಿಯೋ ಅಲ್ಲವೋ’ ಎಂದು ಅಳೆಯುವುದು ವ್ಯರ್ಥ. ನೋಡಬೇಕಾದದ್ದು ಬಾಣಲೆಯನ್ನು.

ಕರಿದದ್ದು ಯಾವುದರಲ್ಲಿ?

ಗಲ್ಲಾದ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ ಇದು. ಯಾರ್ಕ್‌ಶೈರ್ ಹಾಗೂ ಉತ್ತರ ಇಂಗ್ಲೆಂಡಿನ ಇನ್ನೂ ಕೆಲವು ಭಾಗಗಳಲ್ಲಿ, ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿ ಪ್ರದೇಶದ ಹಲವು ಅಂಗಡಿಗಳಲ್ಲಿ ಬೀಫ್ ಡ್ರಿಪಿಂಗ್, ಅಂದರೆ ಕರಗಿಸಿ ಶುದ್ಧಗೊಳಿಸಿದ ದನದ ಕೊಬ್ಬು ಬಳಸುತ್ತಾರೆ. ದಕ್ಷಿಣದಲ್ಲಿ ತಾಳೆ, ರೇಪ್‌ಸೀಡ್, ಸೂರ್ಯಕಾಂತಿ ಎಣ್ಣೆಗಳ ಬಳಕೆಯೇ ಸಾಮಾನ್ಯ. ಕೊಬ್ಬಿನಲ್ಲಿ ಕರಿದರೆ ಕವಚ ಹೆಚ್ಚು ಗರಿಯಾಗಿ, ಪರಿಮಳ ಗಾಢವಾಗಿ ಬರುತ್ತದೆ ಎಂಬುದು ಉತ್ತರದವರ ವಾದ. ‘ಸಾಂಪ್ರದಾಯಿಕ’ ಎಂಬ ಫಲಕಕ್ಕೆ ಆ ಪ್ರದೇಶದಲ್ಲಿ ಏನಾದರೂ ನಿಜವಾದ ಅರ್ಥವಿದ್ದರೆ ಅದು ಇದೇ. ಡರ್ಹಮ್ ಪ್ರಾಂತ್ಯದ ಬೀಮಿಶ್ ಬಯಲು ವಸ್ತುಸಂಗ್ರಹಾಲಯದಲ್ಲಿ 2011ರಲ್ಲಿ ತೆರೆದ ಹಳೆಯ ಮಾದರಿಯ ಅಂಗಡಿಯೊಂದರಲ್ಲಿ ಕಲ್ಲಿದ್ದಲ ಒಲೆಯ ಮೇಲೆ ಇದೇ ಕೊಬ್ಬಿನಲ್ಲಿ ಕರಿದು ಕೊಡುತ್ತಾರೆ. ನೂರು ವರ್ಷದ ಹಿಂದಿನ ರುಚಿ ಹೇಗಿತ್ತೆಂದು ತಿಳಿಯಬಯಸುವ ಮಾಂಸಾಹಾರಿಗಳಿಗೆ ಅದೊಂದು ಒಳ್ಳೆಯ ವಿಳಾಸ.

ಸಸ್ಯಾಹಾರಿಗಳು, ಗೋಮಾಂಸ ವರ್ಜಿಸಿದವರು, ಹಲಾಲ್ ಪಾಲಿಸುವವರು ಇಲ್ಲಿ ಎಚ್ಚರ ವಹಿಸಬೇಕಾದ ಕಾರಣವೊಂದಿದೆ. ಬ್ರಿಟನ್ನಿನಲ್ಲಿ 2014ರ ಡಿಸೆಂಬರ್‌ನಿಂದ ಆಹಾರ ಮಾರುವ ಪ್ರತಿಯೊಬ್ಬರೂ ಅಲರ್ಜಿ ಉಂಟುಮಾಡುವ 14 ಪದಾರ್ಥಗಳ ಕುರಿತು ಗ್ರಾಹಕರಿಗೆ ಮಾಹಿತಿ ಕೊಡುವುದು ಕಡ್ಡಾಯ. ಗೋಧಿ, ಮೀನು, ಹಾಲು, ಸಾಸಿವೆ ಮುಂತಾದವು ಆ ಪಟ್ಟಿಯಲ್ಲಿವೆ. ದನದ ಕೊಬ್ಬು ಅಲರ್ಜಿಯ ಪದಾರ್ಥವಲ್ಲವಾದ್ದರಿಂದ ಅದು ಪಟ್ಟಿಯಲ್ಲಿಲ್ಲ. ಹೀಗಾಗಿ ಗೋಡೆಗೆ ಅಂಟಿಸಿದ ಅಲರ್ಜಿ ಸೂಚನೆಯನ್ನು ಅಕ್ಷರ ಬಿಡದೆ ಓದಿದರೂ ಚಿಪ್ಸ್ ಬೆಂದದ್ದು ಯಾವುದರಲ್ಲಿ ಎಂಬುದು ತಿಳಿಯದು. ಕೊಬ್ಬು ಬಳಸುವ ಅಂಗಡಿಗಳು ಅದನ್ನು ಹೆಮ್ಮೆಯಿಂದ ಬರೆದುಕೊಳ್ಳುವುದುಂಟು. ಸಸ್ಯಜನ್ಯ ಎಣ್ಣೆಯವರೂ ಬರೆಯುವುದುಂಟು. ಏನನ್ನೂ ಬರೆಯದ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳುವುದೇ ದಾರಿ. ಅಲ್ಲಿನವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ದಿನಕ್ಕೆ ಹತ್ತು ಜನ ಕೇಳುವ ಮಾತದು.

‘ಸಸ್ಯಜನ್ಯ ಎಣ್ಣೆ’ ಎಂಬ ಉತ್ತರ ಬಂದರೂ ಇನ್ನೊಂದು ಪ್ರಶ್ನೆ ಬಾಕಿ ಇರುತ್ತದೆ: ಚಿಪ್ಸ್‌ಗೆ ಬೇರೆ ಬಾಣಲೆಯೇ? ದೊಡ್ಡ ಅಂಗಡಿಗಳಲ್ಲಿ ಮೀನಿಗೆ, ಆಲೂಗಡ್ಡೆಗೆ ಪ್ರತ್ಯೇಕ ತೊಟ್ಟಿಗಳಿರುವುದು ಸಾಮಾನ್ಯ. ಪಬ್ಬಿನ ಇಕ್ಕಟ್ಟಾದ ಅಡುಗೆಮನೆಯಲ್ಲಿ ಒಂದೇ ತೊಟ್ಟಿಯಲ್ಲಿ ಮೀನು, ಕೋಳಿ, ಆಲೂಗಡ್ಡೆ ಎಲ್ಲವೂ ಈಜುವುದುಂಟು. ಅಮೆರಿಕದಲ್ಲಿ ಇಂಥದ್ದೇ ವಿಷಯ ನ್ಯಾಯಾಲಯದ ಮೆಟ್ಟಿಲೇರಿದ್ದು ಹಲವರಿಗೆ ನೆನಪಿರಬಹುದು. ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುತ್ತೇವೆ ಎಂದು ಸಾರಿದ್ದ ಮೆಕ್‌ಡೊನಾಲ್ಡ್ಸ್ ತನ್ನ ಫ್ರೈಸ್‌ನಲ್ಲಿ ಗೋಮಾಂಸದ ಸಾರ ಬಳಸುತ್ತಿದ್ದುದರ ವಿರುದ್ಧ 2001ರಲ್ಲಿ ಮೊಕದ್ದಮೆ ಹೂಡಲಾಯಿತು. ಕಂಪೆನಿ ಕ್ಷಮೆ ಕೋರಿ, 2002ರಲ್ಲಿ ಒಂದು ಕೋಟಿ ಡಾಲರ್ ನೀಡುವ ಒಪ್ಪಂದಕ್ಕೆ ಬಂದಿತು.

ಜೊತೆಗೆ ಬಡಿಸುವ ಗ್ರೇವಿಯೂ ಬಹುಮಟ್ಟಿಗೆ ಮಾಂಸದ ರುಚಿಯದೇ. ಬೇಯಿಸಿ ಮಸೆದ ಬಟಾಣಿಯಾದ ‘ಮಷಿ ಪೀಸ್’ ಸಾಮಾನ್ಯವಾಗಿ ನಿರಪಾಯಕಾರಿ. ನೋಡುವುದಕ್ಕೆ ಹಸಿರು ಅಂಬಲಿಯಂತಿರುತ್ತದೆ. ಬಾಯಿಗಿಟ್ಟ ಮೇಲೆ ಅಭಿಪ್ರಾಯ ಬದಲಾದವರೂ ಇದ್ದಾರೆ.

ಮೀನಿಗೆ ಹೆಸರಿರಬೇಕು

ಮಂಗಳೂರು, ಉಡುಪಿ, ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ ನೋಡಿ, ಕಣ್ಣಿನ ಹೊಳಪು ನೋಡಿ ಖರೀದಿಸುವ ಗೃಹಿಣಿಯರಿಗೆ ಬ್ರಿಟನ್ನಿನ ಅಂಗಡಿ ಕೈಕಟ್ಟಿದಂತೆ ತೋರುತ್ತದೆ. ಅಲ್ಲಿ ತಲೆಯಿಲ್ಲ, ಕಿವಿರಿಲ್ಲ, ಮುಳ್ಳೂ ಇಲ್ಲ. ಇರುವುದು ಬಿಳಿಯ ತುಂಡು ಮಾತ್ರ, ಅದೂ ಹಿಟ್ಟಿನ ಕವಚದೊಳಗೆ. ಆದ್ದರಿಂದಲೇ ಹೆಸರು ಮುಖ್ಯವಾಗುತ್ತದೆ. ಫಲಕದಲ್ಲಿ ಕಾಡ್, ಹ್ಯಾಡಕ್, ಪ್ಲೇಸ್, ಹೇಕ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಅಂಗಡಿಯಾತ ಆ ಮಾತಿಗೆ ಕಾನೂನಿನ ಪ್ರಕಾರ ಬದ್ಧ. ಬರೀ ‘ಫಿಶ್’ ಎಂದಿದ್ದರೆ ಅದು ಯಾವ ಮೀನೂ ಆಗಿರಬಹುದು. ವಿಯೆಟ್ನಾಮ್‌ನ ಕೆರೆಗಳಲ್ಲಿ ಸಾಕಿದ ಬಾಸಾ ಕೂಡ ಬಿಳಿಯ ಮೀನೇ. ಬೆಂಗಳೂರಿನ ಪಬ್ಬುಗಳಲ್ಲಿ ಈ ಖಾದ್ಯದ ಹೆಸರಿನಲ್ಲಿ ಬಹಳಷ್ಟು ಕಡೆ ತಟ್ಟೆಗೆ ಬರುವುದೂ ಅದೇ. ತಣ್ಣೀರ ಕಡಲಿನ ಕಾಡ್ ಮತ್ತು ಹ್ಯಾಡಕ್ ಅರಬ್ಬಿ ಸಮುದ್ರದಲ್ಲಿ ಇಲ್ಲ.

ಕಾಡ್‌ನ ಎಸಳು ದೊಡ್ಡದು, ರುಚಿ ಮೃದು. ಹ್ಯಾಡಕ್ ತುಸು ಸಿಹಿ, ಎಸಳು ಸಣ್ಣದು. ಲಂಡನ್ ಹಾಗೂ ದಕ್ಷಿಣದವರಿಗೆ ಕಾಡ್ ಪ್ರಿಯ. ಯಾರ್ಕ್‌ಶೈರ್ ಮತ್ತು ಸ್ಕಾಟ್‌ಲೆಂಡಿಗೆ ಹ್ಯಾಡಕ್. ಯಾರ್ಕ್‌ಶೈರ್‌ನವರು ಮೀನಿನ ಚರ್ಮ ತೆಗೆದೇ ಕರಿಯುತ್ತಾರೆ, ದಕ್ಷಿಣದಲ್ಲಿ ಚರ್ಮ ಉಳಿಸುವುದುಂಟು. ಬಂಗುಡೆ, ಬೂತಾಯಿ, ಅಂಜಲ್‌ಗಳ ಗಾಢ ರುಚಿಗೆ ಒಗ್ಗಿದ ನಾಲಿಗೆಗೆ ಎರಡೂ ಸಪ್ಪೆ ಎನಿಸುವುದು ದಿಟ. ಅಲ್ಲಿ ಮೀನಿಗೆ ಮೆಣಸು, ಹುಣಸೆ ಅರೆದು ಮೆತ್ತುವುದಿಲ್ಲ. ಖಾರ ಹಚ್ಚಿ ಗಂಟೆಗಟ್ಟಲೆ ಇಡುವುದಿಲ್ಲ. ಉಪ್ಪು, ಹುಳಿ ಎರಡೂ ಬೀಳುವುದು ಕರಿದ ನಂತರ.

ಕಡಲತಡಿಯ ಊರಾದರೆ ಎದುರಿನ ಸಮುದ್ರದ ತಾಜಾ ಮೀನೇ ಸಿಗುತ್ತದೆಂಬ ನಂಬಿಕೆ ಪ್ರವಾಸಿಗರಲ್ಲಿ ಬಲವಾಗಿದೆ. ವಾಸ್ತವ ಹಾಗಿಲ್ಲ. ಬ್ರಿಟನ್ ತಿನ್ನುವ ಕಾಡ್ ಮತ್ತು ಹ್ಯಾಡಕ್‌ನ ಬಹುಪಾಲು ನಾರ್ವೆ, ಐಸ್‌ಲೆಂಡ್ ಮತ್ತು ಬ್ಯಾರೆಂಟ್ಸ್ ಸಮುದ್ರದ ಕಡೆಯಿಂದ ಬರುತ್ತದೆ. ಐಸ್‌ಲೆಂಡ್ 1975ರಲ್ಲಿ ತನ್ನ ಮೀನುಗಾರಿಕೆಯ ಗಡಿಯನ್ನು 200 ಮೈಲಿಗೆ ವಿಸ್ತರಿಸಿದಾಗ ಬ್ರಿಟಿಷ್ ಟ್ರಾಲರ್‌ಗಳಿಗೂ ಐಸ್‌ಲೆಂಡಿನ ಕಾವಲು ಹಡಗುಗಳಿಗೂ ನಡೆದ ಘರ್ಷಣೆಗೆ ‘ಕಾಡ್ ಯುದ್ಧ’ ಎಂದೇ ಹೆಸರು. 1950ರ ದಶಕದಿಂದ ನಡೆದ ಅಂಥ ಮೂರು ಜಗಳಗಳ ಕೊನೆಯದರಲ್ಲಿ, 1976ರಲ್ಲಿ, ಬ್ರಿಟನ್ ಮಣಿಯಬೇಕಾಯಿತು. ಹಲ್, ಗ್ರಿಮ್ಸ್‌ಬಿ ಬಂದರುಗಳ ದೂರಸಾಗರದ ದೋಣಿಪಡೆ ಅಲ್ಲಿಂದಾಚೆಗೆ ಸೊರಗಿಹೋಯಿತು. ಮೀನು ಹಿಡಿಯುವವರು ಬೇರೆಯವರಾದರು. ಕರಿಯುವ ಅಂಗಡಿ ಮಾತ್ರ ಉಳಿಯಿತು.

ಐಸ್ ಹಾಕಿದ ಮೀನೆಂದರೆ ಮೂಗು ಮುರಿಯುವ ನಮ್ಮ ಕರಾವಳಿಯವರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆರ್ಕ್‌ಟಿಕ್ ಕಡಲಿನ ದೊಡ್ಡ ಹಡಗುಗಳಲ್ಲಿ ಮೀನನ್ನು ಹಿಡಿದ ಕೆಲವೇ ಗಂಟೆಗಳೊಳಗೆ ಸೀಳಿ, ಮುಳ್ಳು ತೆಗೆದು, ಘನೀಕರಿಸುತ್ತಾರೆ. ಅಂಗಡಿಯವರು ಇದನ್ನು ‘ಫ್ರೋಜನ್ ಅಟ್ ಸೀ’ ಎನ್ನುತ್ತಾರೆ. ವಾರಗಟ್ಟಲೆ ಐಸ್ ಪೆಟ್ಟಿಗೆಯಲ್ಲಿ ಮಲಗಿದ್ದು ‘ತಾಜಾ’ ಎಂಬ ಹೆಸರಿನಲ್ಲಿ ಬರುವ ಮೀನಿಗಿಂತ ಇದು ಎಷ್ಟೋ ಮೇಲು. ಚೆನ್ನಾಗಿ ಕರಗಿಸಿ, ನೀರು ಬಸಿದು, ಒರೆಸಿ ಕರಿದರೆ ಎಸಳು ಬಿಡಿಬಿಡಿಯಾಗಿ ಬರುತ್ತದೆ. ಅವಸರದಲ್ಲಿ ಕರಗಿಸಿದ್ದು ಕವಚದೊಳಗೆ ನೀರು ಬಿಡುತ್ತದೆ. ಮೀನು ಮುರಿದಾಗ ತಟ್ಟೆಯಲ್ಲಿ ನೀರು ನಿಂತರೆ ತಪ್ಪು ಕಡಲಿನದ್ದಲ್ಲ, ಅಡುಗೆಮನೆಯದ್ದು.

ಹೆಸರಿನ ಹಿಂದೆ ಅಡಗುವ ಮೀನೂ ಒಂದಿದೆ. ದಕ್ಷಿಣ ಇಂಗ್ಲೆಂಡಿನ ಅಂಗಡಿಗಳಲ್ಲಿ ‘ರಾಕ್’, ‘ರಾಕ್ ಸಾಲ್ಮನ್’, ‘ಹಸ್’ ಎಂದು ಮಾರುವುದು ಸಾಲ್ಮನ್ ಅಲ್ಲ, ಸಣ್ಣ ಜಾತಿಯ ಶಾರ್ಕ್. ನಮ್ಮ ಕರಾವಳಿಯವರು ತಾಟೆ ಎನ್ನುವ ಬಳಗದ್ದು. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ವಂಶವಾಹಿ ಪರೀಕ್ಷೆಯಲ್ಲಿ ಇಂಥ ಹೆಸರುಗಳಡಿ ಮಾರಾಟವಾದ ಮಾದರಿಗಳಲ್ಲಿ ಹೆಚ್ಚಿನವು ಸ್ಪೈನಿ ಡಾಗ್‌ಫಿಶ್ ಎಂದು ಕಂಡುಬಂತು. ಯೂರೋಪಿನ ಕಡಲಲ್ಲಿ ಅದು ಅಳಿವಿನಂಚಿನಲ್ಲಿರುವ ಜಾತಿ. ಕಾಡ್‌ನ ಸ್ಥಿತಿಯೂ ಹಿತವಾಗಿಲ್ಲ. ಉತ್ತರ ಸಮುದ್ರದ ಕಾಡ್‌ಗೆ 2017ರಲ್ಲಿ ದೊರೆತಿದ್ದ ‘ಸುಸ್ಥಿರ ಮೀನುಗಾರಿಕೆ’ ಪ್ರಮಾಣಪತ್ರವನ್ನು ಎರಡೇ ವರ್ಷದಲ್ಲಿ, 2019ರಲ್ಲಿ, ಅಮಾನತುಗೊಳಿಸಲಾಯಿತು. ಕಾರ್ನ್‌ವಾಲ್ ಕಡೆಯ ಹೇಕ್ ಮೀನನ್ನು ಹಲವು ಅಂಗಡಿಗಳು ಈಗ ಮುಂದಿಡುತ್ತಿವೆ. ಅದು ಸಿಕ್ಕಲ್ಲಿ ಬಿಡಬಾರದು. ರುಚಿಯಲ್ಲಿ ಕಾಡ್‌ಗೆ ಸೋಲುವ ಮೀನಲ್ಲ.

ಕಾಯಿಸುವ ಅಂಗಡಿಯೇ ಒಳ್ಳೆಯ ಅಂಗಡಿ

ಬಜ್ಜಿ ಕರಿಯಲು ಬಲ್ಲವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈದಾ ಹಿಟ್ಟಿಗೆ ತಣ್ಣೀರು, ತುಸು ಸೋಡಾ ಅಥವಾ ಬೇಕಿಂಗ್ ಪೌಡರ್, ಕೆಲವೆಡೆ ನೀರಿನ ಬದಲು ಬಿಯರ್, ಇಷ್ಟೇ ಕಲಸುವುದು. ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಗೆ ಬಿಟ್ಟ ಕ್ಷಣ ಹಿಟ್ಟಿನೊಳಗಿನ ನೀರು ಹಬೆಯಾಗಿ ಹೊರಕ್ಕೆ ನುಗ್ಗುತ್ತದೆ. ಹೊರಬರುವ ಹಬೆ ಇರುವಷ್ಟು ಹೊತ್ತು ಎಣ್ಣೆ ಒಳಗೆ ಇಳಿಯಲಾರದು. ಕವಚ ಗಟ್ಟಿಯಾಗುತ್ತಿದ್ದಂತೆ ಒಳಗಿನ ಮೀನು ತನ್ನದೇ ಹಬೆಯಲ್ಲಿ ಬೇಯುತ್ತದೆ. ಅಂದರೆ ಒಳ್ಳೆಯ ಫಿಶ್ ಆ್ಯಂಡ್ ಚಿಪ್ಸ್‌ನಲ್ಲಿ ಮೀನು ಕರಿದದ್ದಲ್ಲ, ಬೆಂದದ್ದು; ಕರಿದದ್ದು ಕವಚ ಮಾತ್ರ. ಎಣ್ಣೆ ಸಾಲದಷ್ಟು ಕಾದಿದ್ದರೆ, ಅಥವಾ ಅವಸರಕ್ಕೆ ಒಂದೇ ಸಲ ಹತ್ತು ತುಂಡು ತುರುಕಿ ಎಣ್ಣೆಯ ಕಾವು ಇಳಿದರೆ, ಹಬೆ ಸೋತು ಎಣ್ಣೆ ಗೆಲ್ಲುತ್ತದೆ. ತೊಪ್ಪೆಯಾದ ತಟ್ಟೆಯ ಹಿಂದಿರುವ ಕಥೆ ಸಾಮಾನ್ಯವಾಗಿ ಇದು.

ಹೀಗಾಗಿ ಕೇಳಿದ ಮೇಲೆ ಕರಿದು ಕೊಡುವ ಅಂಗಡಿಯನ್ನು ಆರಿಸಿಕೊಳ್ಳುವುದು ಜಾಣತನ. ಅಲ್ಲಿ ಐದರಿಂದ ಹತ್ತು ನಿಮಿಷ ಕಾಯಬೇಕಾಗುತ್ತದೆ. ಬಾಣಲೆಗಳ ಮೇಲ್ಗಡೆ ದೀಪ ಹಚ್ಚಿದ ಗಾಜಿನ ಬಿಸಿಪೆಟ್ಟಿಗೆಯಿರುತ್ತದೆ. ಅದರಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಏಳೆಂಟು ಮೀನು ಸಾಲಾಗಿ ಮಲಗಿದ್ದು, ಅಂಗಡಿಯಲ್ಲಿ ಗಿರಾಕಿಗಳಿಲ್ಲದಿದ್ದರೆ ‘ಹೊಸದಾಗಿ ಕರಿದು ಕೊಡುವಿರಾ’ ಎಂದು ಕೇಳಬೇಕು, ಇಲ್ಲವೇ ಮುಂದಿನ ಅಂಗಡಿಗೆ ನಡೆಯಬೇಕು. ಶುಕ್ರವಾರ ಸಂಜೆ ಸಾಲು ಬೀದಿಗೆ ಚಾಚಿರುತ್ತದೆ. ಶುಕ್ರವಾರ ಮಾಂಸ ವರ್ಜಿಸುವ ಹಳೆಯ ಕ್ರೈಸ್ತ ಆಚರಣೆಯಿಂದ ಬಂದ ರೂಢಿಯದು. ಗುಡ್ ಫ್ರೈಡೇ ಈ ಅಂಗಡಿಗಳಿಗೆ ವರ್ಷದಲ್ಲೇ ಅತಿ ಗದ್ದಲದ ದಿನ. ಆ ಸಾಲಿನಲ್ಲಿ ನಿಂತವರಿಗೆ ಬಿಸಿಪೆಟ್ಟಿಗೆಯ ಹಳೆಯ ಮೀನು ಸಿಗುವ ಸಂಭವ ಕಡಿಮೆ, ಏಕೆಂದರೆ ಪೆಟ್ಟಿಗೆಯಲ್ಲಿ ಏನೂ ನಿಲ್ಲುವುದಿಲ್ಲ.

ಬಾಗಿಲಲ್ಲೇ ಮೂಗು ಹೇಳುವುದೂ ಸಾಕಷ್ಟಿದೆ. ಕಮಟು ವಾಸನೆ, ಕಣ್ಣುರಿಸುವ ಹೊಗೆ ಇದ್ದರೆ ಎಣ್ಣೆ ಬದಲಿಸಿ ಬಹಳ ದಿನವಾಗಿದೆ ಎಂದೇ ಅರ್ಥ. ಕವಚದ ಬಣ್ಣ ಚಿನ್ನದ್ದಿರಬೇಕು. ಕಂದು ಕಪ್ಪಾಗಿದ್ದರೆ ಅದೂ ಹಳೆಯ ಎಣ್ಣೆಯ ಕರಾಮತ್ತು. ಪಬ್ಬುಗಳ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿ ಬೆಲೆ ಹೆಚ್ಚು, ತಟ್ಟೆ ಚಂದ, ನಿಂಬೆ ಹೋಳು, ಟಾರ್ಟರ್ ಸಾಸ್ ಎಲ್ಲ ಇರುತ್ತದೆ. ಆದರೆ ಹಲವೆಡೆ ಮೀನು ಹಿಟ್ಟುಸಹಿತ ಕಾರ್ಖಾನೆಯಿಂದಲೇ ಘನೀಕೃತವಾಗಿ ಬಂದಿರುತ್ತದೆ. ಎಲ್ಲ ಮೀನುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ, ಚಿಪ್ಸ್‌ನ ಅಂಚುಗಳು ಅಳತೆಗೋಲಿಟ್ಟು ಕೊಯ್ದಂತೆ ಕಂಡರೆ ಸಂಶಯಿಸಬಹುದು. ಕೈಯಲ್ಲಿ ಅದ್ದಿದ ಹಿಟ್ಟಿಗೆ ಬಾಲವಿರುತ್ತದೆ, ಗುಳ್ಳೆಯಿರುತ್ತದೆ, ಸೊಟ್ಟಗಿರುತ್ತದೆ.

ಆಲೂಗಡ್ಡೆಗೂ ಋತುವುಂಟು

ಒಂದೇ ಅಂಗಡಿಯ ಚಿಪ್ಸ್ ಫೆಬ್ರವರಿಯಲ್ಲಿ ಸೊಗಸಾಗಿದ್ದು ಜುಲೈಯಲ್ಲಿ ನಿರಾಸೆಗೊಳಿಸುವುದುಂಟು. ಬ್ರಿಟನ್ನಿನ ಮುಖ್ಯ ಬೆಳೆ ಶರತ್ಕಾಲದಲ್ಲಿ ಅಗೆಯಲ್ಪಟ್ಟು ಮುಂದಿನ ಬೇಸಿಗೆಯವರೆಗೆ ಉಗ್ರಾಣದಲ್ಲಿರುತ್ತದೆ. ತೀರ ತಣ್ಣಗಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಹೆಚ್ಚಾದ ಗಡ್ಡೆ ಬೇಯುವ ಮೊದಲೇ ಕಂದಾಗುತ್ತದೆ. ಜೂನ್, ಜುಲೈಯಲ್ಲಿ ಬರುವ ಎಳೆಯ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಒಳಗೆ ಹಿಟ್ಟುಹಿಟ್ಟಾಗುವುದಿಲ್ಲ. ಪ್ರವಾಸಿಗರು ಹೆಚ್ಚಾಗಿ ಹೋಗುವುದು ಇದೇ ತಿಂಗಳುಗಳಲ್ಲಿ ಎಂಬುದು ದುರದೃಷ್ಟ. ಕೇಂಬ್ರಿಜ್‌ನ ಸಸ್ಯತಳಿ ಸಂಸ್ಥೆ ಅಭಿವೃದ್ಧಿಪಡಿಸಿ 1960ರ ದಶಕದಲ್ಲಿ ಹೊರತಂದ ‘ಮ್ಯಾರಿಸ್ ಪೈಪರ್’ ಇಂದಿಗೂ ಚಿಪ್ಸ್‌ಗೆ ಹೆಸರಾದ ತಳಿ. ಒಳ್ಳೆಯ ಅಂಗಡಿಗಳು ಯಾವ ತಳಿ, ಯಾವ ಹೊಲದ್ದು ಎಂದು ಹಲಗೆಯ ಮೇಲೆ ಬರೆದಿಡುವುದುಂಟು. ದಪ್ಪ ಚಿಪ್ಸ್ ಎಣ್ಣೆ ಕಡಿಮೆ ಹೀರುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ತೂಕಕ್ಕೆ ಹೋಲಿಸಿದರೆ ಅದರ ಮೇಲ್ಮೈ ಸಣ್ಣದು.

ಊರಿಗೊಂದು ರೂಢಿ

ಎಡಿನ್‌ಬರೋದಲ್ಲಿ ‘ಸಾಲ್ಟ್ ಆ್ಯಂಡ್ ಸಾಸ್?’ ಎಂದು ಕೇಳಿದರೆ ಬೆಚ್ಚಬೇಕಿಲ್ಲ. ಅದು ವಿನೆಗರ್ ಬೆರೆಸಿ ತೆಳುಮಾಡಿದ ಕಂದು ಸಾಸ್. ಅಲ್ಲಿಂದ ಒಂದು ಗಂಟೆ ಪಯಣದ ಗ್ಲಾಸ್ಗೋದಲ್ಲಿ ಉಪ್ಪು, ವಿನೆಗರ್ ಬಿಟ್ಟು ಬೇರೆ ಮಾತಿಲ್ಲ. ಸ್ಕಾಟ್‌ಲೆಂಡಿನಲ್ಲಿ ‘ಫಿಶ್ ಸಪ್ಪರ್’ ಎಂದರೆ ಚಿಪ್ಸ್ ಸಹಿತ ಮೀನು, ಅದನ್ನು ಮಧ್ಯಾಹ್ನವೂ ಕೇಳಬಹುದು. ಯಾರ್ಕ್‌ಶೈರ್‌ನಲ್ಲಿ ಬಾಣಲೆಯಲ್ಲಿ ಉದುರಿದ ಹಿಟ್ಟಿನ ಚೂರುಗಳಿಗೆ ‘ಸ್ಕ್ರ್ಯಾಪ್ಸ್’ ಎಂದು ಹೆಸರು. ಕೇಳಿದರೆ ಹಲವೆಡೆ ಪುಕ್ಕಟೆಯಾಗಿ ಹಾಕಿಕೊಡುತ್ತಾರೆ. ಬೂಂದಿ ಕಾಳಿನ ಜೊತೆ ಉಳಿದ ಪುಡಿಗೆ ಕೈಚಾಚುವ ನಮ್ಮ ಮಕ್ಕಳ ಚಪಲವೇ ಅಲ್ಲೂ. ಬ್ಲ್ಯಾಕ್ ಕಂಟ್ರಿಯಲ್ಲಿ ಚಿಪ್ಸ್‌ಗೂ ಹಿಟ್ಟು ಹಚ್ಚಿ ಕಿತ್ತಳೆ ಬಣ್ಣ ಬರಿಸುತ್ತಾರೆ. ಚೀನೀ ಅಂಗಡಿಗಳ ಮೂಲಕ ಬಂದ ‘ಕರಿ ಸಾಸ್’ ಹಳದಿ ಗೊಜ್ಜಿನಂಥದ್ದು. ಹೆಸರು ನೋಡಿ ಮನೆಯ ಸಾರು ನೆನೆದವರಿಗೆ ನಿರಾಸೆ ಖಂಡಿತ. ಆದರೂ ಮಳೆಯ ಸಂಜೆಗೆ ಅದು ಕೆಟ್ಟದ್ದಲ್ಲ.

ವಿನೆಗರ್ ಎಂದು ಮೇಜಿನ ಮೇಲಿಡುವ ಸೀಸೆಯಲ್ಲಿ ಎಷ್ಟೋ ಕಡೆ ಇರುವುದು ವಿನೆಗರ್ ಅಲ್ಲ. ಅಸಿಟಿಕ್ ಆಮ್ಲವನ್ನು ನೀರಿನಲ್ಲಿ ಬೆರೆಸಿ ಬಣ್ಣ ಕಟ್ಟಿದ ‘ನಾನ್ ಬ್ರೂಡ್ ಕಾಂಡಿಮೆಂಟ್’ ಅದು. ಅಸಲಿ ಮಾಲ್ಟ್ ವಿನೆಗರ್ ಬಾರ್ಲಿಯಿಂದ ಹುದುಗಿಸಿದ್ದು, ರುಚಿಯಲ್ಲಿ ಮೇಲು. ಹುದುಗಿಸಿದ ಪದಾರ್ಥ ವರ್ಜಿಸುವವರಿಗೆ ಮಾತ್ರ ಮೊದಲನೆಯದೇ ಅನುಕೂಲ.

ಬಾಗಿಲು ಹಾಕುತ್ತಿರುವ ಅಂಗಡಿಗಳು

ಬೆಲೆ ಏರಿಕೆಯನ್ನು ಅಂಗಡಿಯವರ ದುರಾಸೆಗೆ ಆರೋಪಿಸುವುದು ಸುಲಭ. ಲೆಕ್ಕ ಬೇರೆಯೇ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಸೂರ್ಯಕಾಂತಿ ಎಣ್ಣೆ, ಗೋಧಿ, ಗ್ಯಾಸ್ ಮೂರರ ದರವೂ ಒಟ್ಟಿಗೇ ಜಿಗಿಯಿತು. ಅದೇ ವರ್ಷ ರಷ್ಯಾದ ಬಿಳಿ ಮೀನಿನ ಮೇಲೆ ಬ್ರಿಟನ್ 35 ಶೇಕಡಾ ಹೆಚ್ಚುವರಿ ಸುಂಕ ಹೇರಿತು. ಬ್ಯಾರೆಂಟ್ಸ್ ಸಮುದ್ರದ ಕಾಡ್ ಹಿಡಿಯಲು ನಾರ್ವೆ ಮತ್ತು ರಷ್ಯಾ ಕೂಡಿ ನಿಗದಿಪಡಿಸುವ ವಾರ್ಷಿಕ ಮಿತಿ 2021ರಲ್ಲಿ 8.85 ಲಕ್ಷ ಟನ್ ಇದ್ದದ್ದು 2025ಕ್ಕೆ 3.4 ಲಕ್ಷ ಟನ್‌ಗೆ ಇಳಿಯಿತು. ಬಿಸಿ ಪಾರ್ಸೆಲ್ ಆಹಾರದ ಮೇಲಿನ ತೆರಿಗೆ 20 ಶೇಕಡಾ. ಕಾರ್ಮಿಕರ ಅಗ್ಗದ ಊಟವೆಂದೇ ಬಾಳಿದ ಖಾದ್ಯವನ್ನು ಅಗ್ಗವಾಗಿ ಮಾರುವ ದಾರಿ ಮುಚ್ಚುತ್ತಾ ಬಂದಿದೆ. ಲೀಡ್ಸ್ ಬಳಿಯ ಗೈಸ್ಲಿಯಲ್ಲಿ 1928ರಲ್ಲಿ ಮರದ ಗುಡಿಸಲಿನಲ್ಲಿ ಆರಂಭವಾಗಿ ಮೂರೇ ವರ್ಷದಲ್ಲಿ ತೂಗುದೀಪಗಳ ಭೋಜನಶಾಲೆಯಾಗಿ ಬೆಳೆದಿದ್ದ ಹ್ಯಾರಿ ರಾಮ್ಸ್‌ಡನ್ಸ್‌ನ ಮೂಲ ಮಳಿಗೆಯೇ 2011ರ ಕೊನೆಯಲ್ಲಿ ಬಾಗಿಲು ಹಾಕಿತ್ತು. ಮರುವರ್ಷ ಅದೇ ಕಟ್ಟಡದಲ್ಲಿ ಬೇರೆ ಸಂಸ್ಥೆ ಒಲೆ ಹಚ್ಚಿತು.

ಇಕ್ಕಟ್ಟಿನಲ್ಲಿರುವ ಅಂಗಡಿಯವರು ಮೊದಲು ಕೈಹಾಕುವುದು ಎಣ್ಣೆ ಬದಲಿಸುವ ದಿನಗಳ ಲೆಕ್ಕಕ್ಕೆ ಮತ್ತು ಮೀನಿನ ಗಾತ್ರಕ್ಕೆ. ದೊಡ್ಡ ಮೀನಿಗೆ ಆಸೆಪಡದೆ ಸಣ್ಣ ಪಾಲು ಕೇಳುವುದು ಇಬ್ಬರಿಗೂ ಹಿತ. ಹಿರಿಯರಿಗೆ, ಮಧ್ಯಾಹ್ನದ ಗಿರಾಕಿಗಳಿಗೆ ಸಣ್ಣ ಪಾಲು ಕೊಡುವ ಪದ್ಧತಿ ಹಲವೆಡೆ ಇದೆ. ಒಂದು ದೊಡ್ಡ ಪಾರ್ಸೆಲ್ ಇಬ್ಬರು ಭಾರತೀಯರ ಹಸಿವಿಗೆ ಸಾಕು.

ತಿನ್ನುವ ಹೊತ್ತು, ಜಾಗ ಎರಡೂ ಮುಖ್ಯ. ಹಳೆಯ ಅಂಗಡಿಗಳಲ್ಲಿ ಹಲವು ಭಾನುವಾರ ತೆರೆಯುವುದಿಲ್ಲ; ಮಧ್ಯಾಹ್ನ ಎರಡರ ನಂತರ ಮುಚ್ಚಿ ಸಂಜೆ ಮತ್ತೆ ತೆರೆಯುವವೂ ಉಂಟು. ಮುಚ್ಚಿದ ಪೆಟ್ಟಿಗೆಯಲ್ಲಿ ಹಬೆ ತಿರುಗಿ ಕವಚದೊಳಗೆ ಇಳಿಯುವುದರಿಂದ ಅರ್ಧ ಗಂಟೆ ಬಸ್ಸಿನಲ್ಲಿ ಹೊತ್ತೊಯ್ದು ಮನೆಯಲ್ಲಿ ತಿಂದರೆ ಯಾವ ಒಳ್ಳೆಯ ಅಂಗಡಿಯ ಮೀನೂ ಮೆತ್ತಗಾಗಿರುತ್ತದೆ. ಹಿಂದೆ ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟುತ್ತಿದ್ದಾಗ ಈ ತೊಂದರೆ ಕಡಿಮೆಯಿತ್ತು. ಮಸಿಯ ಕಾರಣಕ್ಕೆ ಆ ಪದ್ಧತಿ 1980ರ ದಶಕದ ಹೊತ್ತಿಗೆ ನಿಂತುಹೋಯಿತು. ಆದ್ದರಿಂದ ಮುಚ್ಚಳ ತೆರೆದು ಅಲ್ಲೇ ಬೆಂಚಿನ ಮೇಲೆ ತಿನ್ನುವುದು ಮೇಲು. ಕಡಲತಡಿಯಾದರೆ ಗೋಡೆಗೆ ಬೆನ್ನುಕೊಟ್ಟು ಕೂರಬೇಕು. ಅಲ್ಲಿನ ಕಡಲಹಕ್ಕಿಗಳು ಕೈಯಿಂದಲೇ ಚಿಪ್ಸ್ ಎಗರಿಸುವುದರಲ್ಲಿ ನಿಸ್ಸೀಮ. ನೇರವಾಗಿ ದಿಟ್ಟಿಸಿ ನೋಡಿದರೆ ಅವು ಹತ್ತಿರ ಬರಲು ಹಿಂಜರಿಯುತ್ತವೆ ಎಂಬುದನ್ನೂ ಎಕ್ಸೆಟರ್ ವಿಶ್ವವಿದ್ಯಾಲಯವೇ 2019ರಲ್ಲಿ ಪ್ರಯೋಗ ಮಾಡಿ ತೋರಿಸಿದೆ.